ಮೊದಲ ಪಂಕ್ತಿಗೆ ಬಂದ ಕುಂಬಿಯಾ

ಹೊಟ್ಟೆ ಮುಂದೆ ಬಂದ ಮನುಷ್ಯನಿಗೆ ಬುದ್ಧಿ ಹೇಳಲು ಈ ಲೋಕದಲ್ಲಿ ಯಾರೂ ಹಿಂದೆಮುಂದೆ ನೋಡುವುದಿಲ್ಲ. ತಲೆಗೂದಲು ಉದುರಿದರೆ ಜನ ಕಂಡೂ ಕಾಣದವರಂತೆ ಇರುತ್ತಾರೆ. ಕಿವಿ ಮಂದವಾದರೆ ತುಸು ಗಟ್ಟಿಯಾಗಿ ಮಾತಾಡಿ ಮರ್ಯಾದೆ ಉಳಿಸುತ್ತಾರೆ. ಹೊಟ್ಟೆ ಮಾತ್ರ ಸಾರ್ವಜನಿಕ ಆಸ್ತಿ. ನಾನು ಕೊಳ್ಳೇಗಾಲದ ಕಾಲೇಜೊಂದರಲ್ಲಿ ಭೂಗೋಳ ಪಾಠ ಮಾಡುವವನು. ಭೂಮಿ ನಡುವಿನಲ್ಲಿ ಉಬ್ಬಿಕೊಂಡಿದೆ ಎಂದು ಹೇಳುವ ದಿನ ಹಿಂದಿನ ಬೆಂಚಿನಲ್ಲಿ ಯಾರಾದರೂ ನಕ್ಕೇ ನಗುತ್ತಾರೆ. ಕೊನೆಗೆ ಡಾಕ್ಟರು, "ಬೆಳಿಗ್ಗೆ ಎದ್ದು ಬಿರಬಿರನೆ ನಡೀರಿ ಮೇಷ್ಟ್ರೇ" ಎಂದರು. ನಡೆದೆ. ಆದರೆ ನಮ್ಮೂರಿನಲ್ಲಿ ಪರಿಚಯದವನೊಬ್ಬ ಬರಿಗೈಲಿ ನಡೆದುಹೋಗುತ್ತಿದ್ದರೆ ಜನಕ್ಕೆ ಅದು ಸಂಕಟದ ವಿಷಯ. "ಯಾನ ಸಾ, ಗಾಡಿ ಕೆಟ್ಟೋಯ್ತಾ?" ಎಂದು ಕೇಳಿ, ಅಯ್ಯೋ ಪಾಪ ಎಂದು ಹೋಟೆಲಿಗೆ ಕರೆದು ಇಡ್ಲಿ ಕೊಡಿಸುವವರೇ ಎಲ್ಲರೂ. ಒಂದು ತಿಂಗಳು ಹೀಗೆ ನಡೆದ ಮೇಲೆ ತೂಕ ನೋಡಿದ ಡಾಕ್ಟರು ನನ್ನ ಮುಖವನ್ನು ಬಹಳ ಹೊತ್ತು ನೋಡಿದರು.

ಇದಕ್ಕೆ ಮದ್ದು ಹೇಳಿದವಳು ಸೌಮ್ಯ. ಅವಳು ನನ್ನ ಹೆಂಡತಿ ಶಾಂತಳ ತಮ್ಮ ಗುರುಮಲ್ಲಪ್ಪನ ಮಗಳು. ಅಪ್ಪ ಶಾಗ್ಯದಲ್ಲಿ ಬೇಸಾಯಗಾರ. ಮಗಳು ಹನೂರಿನ ಶಾಲೆಯೊಂದರಲ್ಲಿ ವ್ಯಾಯಾಮದ ಮೇಡಂ. "ಕಿವಿಗೆ ಇಯರ್‌ಫೋನ್ ಹಾಕಂಡ್ ನಡೀರಿ ಮಾವ, ಯಾರೂ ಮಾತಾಡ್ಸಲ್ಲ. ಈ ಹಾಡಿನ ತಾಳಕ್ಕೆ ಹೆಜ್ಜೆ ಹಾಕಿ" ಎಂದು ನನ್ನ ಮೊಬೈಲಿಗೆ ಹಾಡುಗಳನ್ನು ತುಂಬಿಕೊಟ್ಟಳು. ಅವಳು ತನ್ನ ಶಾಲೆಯ ಹುಡುಗಿಯರಿಗೆ ಸೀಟಿ ಊದಿ ಕವಾಯತು ಮಾಡಿಸುವುದನ್ನು ಬಿಟ್ಟು ಈ ಹಾಡುಗಳಿಗೆ ಕುಣಿಸುತ್ತಾಳಂತೆ. ಕ್ಯೂಬಾ, ಕೊಲಂಬಿಯಾ, ಕೆರಿಬಿಯನ್ ಕಡೆಯ ಕುಣಿತದ ಸಂಗೀತ. ಸಾಲ್ಸಾ, ಮೆರೆಂಗೆ, ಕುಂಬಿಯಾ ಎಂದು ಅವುಗಳ ಜಾತಿಗಳು. ನಾನು ಇಪ್ಪತ್ತು ವರ್ಷದಿಂದ ಆ ದೇಶಗಳ ಮಳೆ, ಕಬ್ಬು, ಬಾಳೆ, ಚಂಡಮಾರುತಗಳ ಬಗ್ಗೆ ಪಾಠ ಮಾಡಿದ್ದೆ. ಅಲ್ಲಿನವರು ಇಷ್ಟು ಚೆನ್ನಾಗಿ ಕುಣಿಯುತ್ತಾರೆ ಎಂದು ಪಠ್ಯಪುಸ್ತಕದಲ್ಲಿ ಇರಲಿಲ್ಲ.

ಅವುಗಳಲ್ಲಿ ಒಂದು ಕುಂಬಿಯಾ ನನಗೆ ಹಿಡಿಸಿಬಿಟ್ಟಿತು. ಶುರುವಿನಲ್ಲಿ ಉದ್ದನೆಯ ಕೊಳಲೊಂದು ಒಂಟಿಯಾಗಿ ಊದುತ್ತದೆ. ಅದು ಅಲ್ಲಿನ ಕಾಡುಮೇಡಿನ ಜನರ ಹಳೆಯ ಕೊಳಲು, ಅದರ ತುದಿಗೆ ಮೇಣ ಮೆತ್ತಿರುತ್ತಾರೆ ಎಂದು ಸೌಮ್ಯ ಹೇಳಿದಳು. ಆಮೇಲೆ ಆಫ್ರಿಕಾದಿಂದ ಹೋದವರ ಡೋಲು ನಿಧಾನವಾಗಿ ಸೇರುತ್ತದೆ. ಹೀಗೇ ಸಾಗುತ್ತ ಸಾಗುತ್ತ, ಒಂದು ಗಳಿಗೆ ಎಲ್ಲವೂ ಗಪ್ಪನೆ ನಿಂತು, ಒಮ್ಮೆಲೇ ಪೇಟೆಯ ತುತ್ತೂರಿಗಳು, ಕಂಪ್ಯೂಟರಿನ ನಗಾರಿ, ಗಿಲಕಿ, ಕೇಕೆ ಎಲ್ಲ ಒಟ್ಟಿಗೆ ಹೊಡೆದುಕೊಳ್ಳುತ್ತವೆ. ಅಜ್ಜ, ಮಗ, ಮೊಮ್ಮಗ ಒಂದೇ ಪಂಕ್ತಿಯಲ್ಲಿ ಕೂತು ಉಂಡ ಹಾಗೆ. ತುತ್ತೂರಿ ಬರುವ ಹೊತ್ತಿಗೆ ನಾನು ಸರಿಯಾಗಿ ರೇಷ್ಮೆ ಸೀರೆ ಅಂಗಡಿಗಳ ಬೀದಿಗೆ ಬಂದಿರುತ್ತಿದ್ದೆ. ಕಾಲು ತಾನೇ ಜೋರಾಗುತ್ತಿತ್ತು. ಬಾಗಿಲು ತೆಗೆಯುತ್ತಿದ್ದ ಅಂಗಡಿಯವರು ಮೇಷ್ಟ್ರಿಗೆ ಏನೋ ಅವಸರ ಎಂದು ದಾರಿ ಬಿಡುತ್ತಿದ್ದರು.

ಇಷ್ಟಕ್ಕೇ ನಿಂತಿದ್ದರೆ ಇದನ್ನು ಬರೆಯುವ ಅಗತ್ಯ ಇರಲಿಲ್ಲ. ಸೌಮ್ಯಳಿಗೆ ಮದುವೆ ಗೊತ್ತಾಯಿತು. ಗಂಡು ಅಜ್ಜೀಪುರದವನು, ಮಹೇಶ ಅಂತ. ಪಶು ಆಸ್ಪತ್ರೆಯಲ್ಲಿ ಕೆಲಸ, ದನಗಳ ಜೊತೆ ಇದ್ದು ಇದ್ದು ಬಹಳ ಸಮಾಧಾನದ ಹುಡುಗ. ಸೌಮ್ಯ ಒಂದೇ ಒಂದು ಆಸೆ ಇಟ್ಟಳು. ಹೆಣ್ಣಿನ ಕೋಣೆಯಿಂದ ಮಂಟಪದವರೆಗೆ ತಾನು ನಡೆದು ಬರುವಾಗ ಆ ಕುಂಬಿಯಾ ಹಾಕಬೇಕು. "ಅಷ್ಟೇ ಮಾವ. ಆಮೇಲ ನಿಮ್ ಓಲಗದವ್ರು ಯಾನಾರ ಊದ್ಕಳ್ಳಿ. ಅಪ್ಪನ್ನ ನೀವೇ ಒಪ್ಪಿಸ್ಬೇಕು." ಓದಿದವನು ಎಂದು ನನ್ನನ್ನು ನಂಬಿರುವುದು ನಮ್ಮ ಬಳಗದಲ್ಲಿ ಅವಳೊಬ್ಬಳೇ. ಹೋಗಿ ಕೇಳಿದೆ.

ಗುರುಮಲ್ಲಪ್ಪ ಹಾಡನ್ನು ಪೂರ್ತಿ ಕೇಳಿಸಿಕೊಂಡ. "ಇದು ಎಲ್ಲಿಯವ್ರ ಹಾಡು ಬಾವ?" ಎಂದ. ಹೇಳಿದೆ, ವೆಸ್ಟ್ ಇಂಡೀಸ್ ಇರುವ ಸಮುದ್ರದ ದಡದವರದು ಅಂತ. "ಅವ್ರು ಬೌಲಿಂಗ್ ಮಾಡದು ಗೊತ್ತಿತ್ತು, ಇಂಗ ಕುಣಿಯದು ಗೊತ್ತಿರ್ನಿಲ್ಲ" ಎಂದು ತಲೆದೂಗಿದವನು, ಆಮೇಲೆ ದನಿ ತಗ್ಗಿಸಿದ. "ನಂಗ ಹಾಡಿನ್ ಮ್ಯಾಲ ಸಿಟ್ಟಿಲ್ಲ ಬಾವ. ಗಂಡಿನ್ ದೊಡ್ಡಪ್ಪ ಮಹದೇವಪ್ಪ ಅವ್ರಲ್ಲ, ಅವ್ರ್ದೇ ದಿಗಿಲು. ಮುಹೂರ್ತದಲ್ಲಿ ವಸಿ ಎಡವಟ್ಟಾದ್ರೂ ಸಾಯಗಂಟ ಆಡ್ಕತಾರ. ನನ್ ಮಗ್ಳು ಆ ಮನಲಿ ಬಾಳ್ಬೇಕು ಕನಾ."

ಅವನ ಭಯ ಸುಳ್ಳಲ್ಲ. ಮಹದೇವಪ್ಪನವರು ಅಜ್ಜೀಪುರದ ದೊಡ್ಡ ಕುಳ, ಮನೆಯ ಹಿರಿಯರು. ಅವರು ಮದುವೆಗಳಿಗೆ ಹರಸಲು ಹೋಗುವುದಕ್ಕಿಂತ ಪರೀಕ್ಷಿಸಲು ಹೋಗುವುದೇ ಹೆಚ್ಚು. ಯಾರದೋ ಮದುವೆಯ ಸಾರಿನಲ್ಲಿ ಉಪ್ಪು ಕಮ್ಮಿಯಾಗಿತ್ತು ಎಂಬ ವಿಷಯ, ಆ ಮದುವೆಯ ಮಕ್ಕಳು ಹೈಸ್ಕೂಲಿಗೆ ಹೋಗುತ್ತಿರುವಾಗಲೂ ಅವರ ನಾಲಿಗೆಯ ಮೇಲೆ ಹಸಿಯಾಗಿತ್ತು. ಆ ಮನೆಯ ಸೊಸೆಯನ್ನು ಅವರು ಕರೆಯುವುದೇ ಸಪ್ಪೆ ಸಾರಿನವಳು ಎಂದು. ಸೌಮ್ಯಳಿಗೂ ಅಂಥದ್ದೊಂದು ಹೆಸರು ಅಂಟಿಕೊಂಡರೆ ಏನು ಗತಿ? ಆ ಹೊಣೆಯನ್ನೆಲ್ಲ ನನ್ನ ಮೇಲೆ ಹೊರಿಸಿ ಗುರುಮಲ್ಲಪ್ಪ ಒಪ್ಪಿದ. ಹಾಡು ಹಾಕುವವನೂ ನಾನೇ, ನಿಲ್ಲಿಸುವವನೂ ನಾನೇ ಎಂದಾಯಿತು.

ಇನ್ನು ಓಲಗದವರನ್ನು ಒಪ್ಪಿಸಬೇಕಿತ್ತು. ಯಳಂದೂರಿನ ನಂಜುಂಡಯ್ಯ ಡೋಲು ಬಾರಿಸುತ್ತಾನೆ, ಅವನ ತಮ್ಮ ನಾದಸ್ವರ ಊದುತ್ತಾನೆ. ಮಾತು ಮಾತ್ರ ಇಬ್ಬರ ಪಾಲಿನದನ್ನೂ ನಂಜುಂಡಯ್ಯನೇ ಆಡುತ್ತಾನೆ. ಮೊಬೈಲನ್ನು ಕಿವಿಗೆ ಒತ್ತಿಕೊಂಡು ಕೇಳಿದ. ತೊಡೆಯ ಮೇಲೆ ಬೆರಳು ಆಡಿಸಿದ. "ಇದ್ಯಾನ ಸಾ ಹೊಸ್ದು? ನಮ್ ಮಾದಪ್ಪನ್ ಕಂಸಾಳ ಕುಣ್ತದ್ ಗತ್ತು ಇದು. ಯಾರೋ ಬೆಟ್ಟುಕ್ಕ ಬಂದಿದ್ದವ್ರು ಕೇಳ್ಕಂಡ್ ಓಗವ್ರ" ಎಂದ. ನಾನು ಮೇಷ್ಟ್ರು, ಸುಮ್ಮನಿರಲಾಗದೆ ಆಫ್ರಿಕಾ ಖಂಡ, ಅದರಾಚೆ ಅಟ್ಲಾಂಟಿಕ್ ಮಹಾಸಾಗರ, ಅದರಾಚೆ ಕೊಲಂಬಿಯಾ ಎಂದು ದೂರವನ್ನು ವಿವರಿಸಿದೆ. "ಇರ್ಬೋದು ಸಾ. ಎಷ್ಟೋ ದೂರ್ದಿಂದ ಬತ್ತಾರ ಮಾದಪ್ಪನ್ ತಾವ್ಕ" ಎಂದು ಸಮಾಧಾನ ಹೇಳಿದ. ಅಲ್ಲಿಂದ ಎರಡು ವಾರ ಅವನು ಆ ತಾಳವನ್ನು ಸಿಕ್ಕಿದ್ದರ ಮೇಲೆಲ್ಲ ಬಾರಿಸಿ ನೋಡಿದನಂತೆ. ಅವನ ಮನೆಯವರು ನಮ್ಮ ಶಾಂತಳಿಗೆ ಫೋನು ಮಾಡಿ, ಅದು ಯಾವಾಗ ಮುಗೀತದೆ ಎಂದು ಕೇಳಿದ್ದರು.

ಇಲ್ಲಿ ಗಟ್ಟಿಮೇಳದ ವಿಷಯ ಒಂದಿಷ್ಟು ಹೇಳಬೇಕು. ಮದುವೆ ಮಾಡಿಸುವ ಅಯ್ಯನವರು ಕೈ ಎತ್ತುತ್ತಾರೆ, ಓಲಗದವರು ಎದೆ ಬಿರಿಯುವಂತೆ ಬಾರಿಸುತ್ತಾರೆ, ಆ ಸದ್ದಿನ ನಡುವೆ ತಾಳಿ ಕಟ್ಟುತ್ತಾರೆ, ಎಲ್ಲರೂ ಅಕ್ಷತೆ ಹಾಕುತ್ತಾರೆ. ಕ್ರಮ ಇದು. ಆದರೆ ತಾಳಿ ಕಟ್ಟುವುದನ್ನು ಕಣ್ಣಿಂದ ಕಂಡವರು ಈಗ ಎಷ್ಟು ಜನ ಇದ್ದಾರೆ? ಮಂಟಪದ ಮುಂದೆ ವಿಡಿಯೋದವರು ಗೋಡೆಯಂತೆ ನಿಂತಿರುತ್ತಾರೆ. ಹಿಂದೆ ಕುರ್ಚಿಯಲ್ಲಿ ಕೂತವರಿಗೆ ಕಾಣುವುದು ಅವರ ಬೆನ್ನು ಮಾತ್ರ. ಆದ್ದರಿಂದ ನಾವೆಲ್ಲ ಅಕ್ಷತೆಯನ್ನು ಬೆವರುವ ಮುಷ್ಟಿಯಲ್ಲಿ ಹಿಡಿದು ನಮ್ಮ ನಮ್ಮ ಮಾತಿನಲ್ಲಿ ಇರುತ್ತೇವೆ. ಸದ್ದು ಜೋರಾದ ಕೂಡಲೇ ಮಾತು ನಿಲ್ಲಿಸದೆಯೇ ಕೈ ಎತ್ತಿ ಎಸೆಯುತ್ತೇವೆ, ಎದ್ದು ಊಟದ ಮನೆಯ ಕಡೆಗೆ ಹೊರಡುತ್ತೇವೆ. ಮೊದಲ ಪಂಕ್ತಿ ತಪ್ಪಿದರೆ ಉಣ್ಣುವವರ ಕುರ್ಚಿಯ ಹಿಂದೆ ನಿಂತು, ಅವರು ಮಜ್ಜಿಗೆಗೆ ಬರುವುದನ್ನೇ ಕಾಯಬೇಕಾಗುತ್ತದೆ. ಅಡುಗೆಯವರಿಗೂ ಗಟ್ಟಿಮೇಳವೇ ಗಂಟೆ. ಅದು ಕೇಳಿದರೆ ಅನ್ನದ ಬುಟ್ಟಿ ಎತ್ತುತ್ತಾರೆ. ಇಷ್ಟು ವರ್ಷ ಮದುವೆಗಳಿಗೆ ಹೋಗಿ ಹೋಗಿ ನಮ್ಮ ಬಲಗೈ, ಕಾಲು, ಹೊಟ್ಟೆ ಮೂರೂ ಆ ಸದ್ದಿನ ತಾಬೆಯಲ್ಲಿವೆ. ತಲೆಗೆ ಇದರಲ್ಲಿ ಕೆಲಸ ಇಲ್ಲ.

ಮದುವೆ ಕೊಳ್ಳೇಗಾಲದ ಛತ್ರದಲ್ಲಿ. ನನ್ನ ಲೆಕ್ಕಾಚಾರದಲ್ಲಿ ತಪ್ಪಿರಲಿಲ್ಲ. ಶಾಗ್ಯದ ಮನೆಯಲ್ಲಿ ಸೌಮ್ಯಳನ್ನು ಅಡುಗೆಮನೆಯಿಂದ ಜಗಲಿಯವರೆಗೆ ನಡೆಸಿ ನೋಡಿಯಾಗಿತ್ತು. ಕೊಳಲಿನ ಭಾಗ ಮುಗಿಯುವುದರೊಳಗೆ ಅವಳು ಮಂಟಪ ಮುಟ್ಟುತ್ತಾಳೆ, ತುತ್ತೂರಿ ಬರುವುದಕ್ಕೆ ಮುಂಚೆ ನಾನು ನಿಲ್ಲಿಸುತ್ತೇನೆ. ಎಡಗೈಯಲ್ಲಿ ರಿಮೋಟು ಹಿಡಿದು ಸೌಂಡ್ ಬಾಕ್ಸಿನ ಪಕ್ಕ ಕೂತೆ. ಯಾರೋ ಬಂದು ಬಲಗೈಗೆ ಅಕ್ಷತೆ ಕೊಟ್ಟು ಹೋದರು. ಹೆಣ್ಣನ್ನು ಕರೆತನ್ನಿ ಎಂದು ಅಯ್ಯನವರು ಹೇಳಿದರು. ಗುಂಡಿ ಒತ್ತಿದೆ. ಕೊಳಲು ಶುರುವಾಯಿತು. ನಿಜಕ್ಕೂ ಬಹಳ ಚೆನ್ನಾಗಿತ್ತು. ಸೌಮ್ಯ ಕಳಸಗಿತ್ತಿಯರ ನಡುವೆ ತಲೆ ಎತ್ತಿಕೊಂಡು, ತಾಳಕ್ಕೆ ಒಂದಿಷ್ಟೂ ತಪ್ಪದೆ ನಡೆದು ಬಂದಳು. ನನಗೆ ಹೆಮ್ಮೆಯಾಯಿತು.

ಅರ್ಧ ದಾರಿಗೆ ಬಂದಾಗ ವಿಡಿಯೋದವನು ಕೈ ಅಡ್ಡ ಹಿಡಿದ. "ಮೇಡಂ, ಲೈಟ್ ಸರಿಯಾಗ್ ಬೀಳ್ನಿಲ್ಲ. ಇನ್ನೊಂದ್ ಸಲ ಹಿಂದಕ್ಕೋಗಿ ಬನ್ನಿ." ಅವಳು ಹಿಂದಕ್ಕೆ ಹೋದಳು. ಹಾಡು ಹಿಂದಕ್ಕೆ ಹೋಗಲಿಲ್ಲ. ಇದನ್ನು ಗಮನಿಸಬೇಕಾದವನು ನಾನು. ಆದರೆ ಅಷ್ಟರಲ್ಲಿ ಪಕ್ಕದ ಕುರ್ಚಿಯಲ್ಲಿದ್ದ ಲೊಕ್ಕನಹಳ್ಳಿಯ ನಂಟರೊಬ್ಬರು, ತಮ್ಮ ಜೋಳದ ಹೊಲಕ್ಕೆ ಕಾಡುಹಂದಿ ನುಗ್ಗಿದ ಕತೆ ತೆಗೆದಿದ್ದರು. ಹಂದಿ ಬೇಲಿಯ ಹತ್ತಿರ ಬಂದಿತ್ತು. ಆ ಜಾಗದಲ್ಲಿ ಕತೆ ಬಿಟ್ಟು ಏಳುವುದು ಯಾರಿಂದಲೂ ಆಗುವ ಮಾತಲ್ಲ. ಹಂದಿ ಬೇಲಿ ಹಾರುವುದಕ್ಕೂ, ಕೊಳಲು ಗಪ್ಪನೆ ನಿಲ್ಲುವುದಕ್ಕೂ, ಅಯ್ಯನವರು ನೀರಿನ ಚೊಂಬು ಕೊಡಿ ಎಂದು ಕೈ ಎತ್ತುವುದಕ್ಕೂ ಸರಿಹೋಯಿತು.

ತುತ್ತೂರಿಗಳು ಹೊಡೆದುಕೊಂಡವು. ಛತ್ರದ ಸೌಂಡ್ ಬಾಕ್ಸುಗಳಲ್ಲಿ ಅದು ನನ್ನ ಇಯರ್‌ಫೋನಿನ ಕುಂಬಿಯಾ ಆಗಿರಲಿಲ್ಲ, ಪ್ರಳಯವೇ ಆಗಿತ್ತು. ಗಟ್ಟಿಮೇಳ ಬೇರೆಯವರ ಕಡೆಯಿಂದ ಬಂದುಬಿಟ್ಟಿತಲ್ಲ ಎಂದು ನಂಜುಂಡಯ್ಯ ಬೆಚ್ಚಿಬಿದ್ದು, ಮರ್ಯಾದೆ ಉಳಿಸಿಕೊಳ್ಳಲು ಡೋಲಿಗೆ ಬಿದ್ದ. ಅವನ ತಮ್ಮ ಕೆನ್ನೆ ಉಬ್ಬಿಸಿದ. ನೂರಾರು ಕೈಗಳು ಒಟ್ಟಿಗೆ ಎದ್ದವು, ಛತ್ರದ ತುಂಬ ಅಕ್ಷತೆಯ ಮಳೆ. ಮಂಟಪದಲ್ಲಿ ಕೂತಿದ್ದದ್ದು ಮಹೇಶ ಒಬ್ಬನೇ. ಪಕ್ಕದಲ್ಲಿ ಖಾಲಿ ಮಣೆ. ಅವನು ತಲೆ ಬಗ್ಗಿಸಿ, ಸಮಾಧಾನದಿಂದ, ಎಲ್ಲರ ಅಕ್ಷತೆಯನ್ನೂ ಒಬ್ಬನೇ ಹಾಕಿಸಿಕೊಂಡ. ಅಯ್ಯನವರು ಮೈಕಿನಲ್ಲಿ "ಇನ್ನೂ ಇಲ್ಲ! ಇನ್ನೂ ಇಲ್ಲ!" ಎಂದು ಕೂಗುತ್ತಿದ್ದದ್ದು ಆಮೇಲೆ ವಿಡಿಯೋದಲ್ಲಿ ಕಾಣುತ್ತದೆ, ಕೇಳುವುದಿಲ್ಲ.

ನಾನೇನು ಮಾಡಿದೆ ಎಂದು ಕೇಳುತ್ತೀರಿ. ಹಾಡು ಹಾಕಿದವನು ನಾನು, ಹೆಣ್ಣು ಇನ್ನೂ ಬಾಗಿಲಲ್ಲಿದ್ದಾಳೆ ಎಂದು ಕಂಡವನು ನಾನು, ಅದು ಕೊಲಂಬಿಯಾದ ತುತ್ತೂರಿ ಎಂದು ಆ ಛತ್ರದಲ್ಲಿ ಗೊತ್ತಿದ್ದ ಒಬ್ಬಿಬ್ಬರಲ್ಲಿ ನಾನೂ ಒಬ್ಬ. ನನ್ನ ಬಲಗೈ ಎದ್ದು ಅಕ್ಷತೆ ಎಸೆಯಿತು. ಕಾಲು ಎದ್ದು ನಡೆಯಿತು. ಎಡಗೈ ರಿಮೋಟನ್ನು ಜುಬ್ಬದ ಜೇಬಿಗೆ ಹಾಕಿಕೊಂಡಿತು. ಹಂದಿಯ ಕತೆ ಹೇಳುತ್ತಿದ್ದವರು ಪಕ್ಕದಲ್ಲೇ ಬಂದರು, ಕತೆ ನಿಂತಿರಲಿಲ್ಲ. ಬುದ್ಧಿ ಬಂದಾಗ ನಾನು ಊಟದ ಮನೆಯ ಮೊದಲ ಪಂಕ್ತಿಯಲ್ಲಿ ಕೂತಿದ್ದೆ, ಎಲೆಯ ಮೇಲೆ ಪಾಯಸ ಬಿದ್ದು, ಅದರಲ್ಲಿ ನನ್ನ ಬೆರಳೂ ಇತ್ತು. ಎದುರಿಗೆ ಮಹದೇವಪ್ಪನವರು ಕೋಸಂಬರಿಯಲ್ಲಿ ಉಪ್ಪು ಪರೀಕ್ಷಿಸುತ್ತಿದ್ದರು.

ಗುರುಮಲ್ಲಪ್ಪ ಓಡಿ ಬಂದ. ಪಂಚೆ ಎತ್ತಿ ಕಟ್ಟಿದ್ದ, ಮುಖದಲ್ಲಿ ರಕ್ತವಿರಲಿಲ್ಲ. "ಅಯ್ಯೋ, ತಾಳಿ ಕಟ್ನಿಲ್ಲ ಕಣ್ರಪ್ಪೋ! ಎಲ್ರೂ ಎದ್ ಬನ್ನಿ, ನಿಮ್ ದಮ್ಮಯ್ಯ!" ಎಂದು ಕೈ ಮುಗಿದ. ಪಂಕ್ತಿ ಕಲ್ಲಾಯಿತು. ಉಣ್ಣಲು ಕೂತ ಎಲೆಯ ಮುಂದಿನಿಂದ ಅರ್ಧಕ್ಕೆ ಏಳುವಂತಿಲ್ಲ. ಅದು ಅನ್ನಕ್ಕೆ ಮಾಡುವ ಅವಮಾನ, ಮದುವೆಗೂ ಒಳ್ಳೆಯದಲ್ಲ. ಕುರ್ಚಿಗಳ ಹಿಂದೆ ಎರಡನೆಯ ಪಂಕ್ತಿಗಾಗಿ ನಿಂತವರೂ ಅಲುಗಲಿಲ್ಲ. ಹೋದರೆ ಕುರ್ಚಿ ಹೋಗುತ್ತದೆ. ಎರಡು ಕಡೆಯ ಹಿರಿಯರೂ ಎಲೆಯ ಮುಂದೆ ಸಿಕ್ಕಿಕೊಂಡಿದ್ದರು. ಮಂಟಪದ ಕಡೆ ಉಳಿದಿದ್ದದ್ದು ಅಯ್ಯನವರು, ಓಲಗದವರು, ಹೆಣ್ಣು ಗಂಡು, ಅತ್ತೂ ಕರೆದೂ ಕೂತಿದ್ದ ಸೌಮ್ಯಳ ತಾಯಿ, ಕಳಸಗಿತ್ತಿಯರು ಮತ್ತು ಲೈಟು ಸರಿಮಾಡುತ್ತಿದ್ದ ವಿಡಿಯೋದವನು. ಮುಹೂರ್ತ ಜಾರುತ್ತಿತ್ತು. ಗುರುಮಲ್ಲಪ್ಪ ನನ್ನನ್ನು ನೋಡಿದ, ನನ್ನ ಬೆರಳನ್ನು ನೋಡಿದ. ಅವನು ಬೈದಿದ್ದರೆ ಚೆನ್ನಾಗಿತ್ತು. ನನಗೆ ನಾಚಿಕೆಯಾಯಿತು.

ಆಗ ಬಾಗಿಲಲ್ಲಿ ಸೌಮ್ಯ ಬಂದು ನಿಂತಳು, ಹಿಂದೆ ಮಹೇಶ, ಅವನ ಹಿಂದೆ ಅಯ್ಯನವರು ಮತ್ತು ಓಲಗದವರು. ಒಳಗೊಮ್ಮೆ ಕಣ್ಣಾಡಿಸಿದಳು. ಶಾಲೆಯ ಮೈದಾನದಲ್ಲಿ ಸಾಲು ತಪ್ಪಿದ ಮಕ್ಕಳನ್ನು ನೋಡುವ ನೋಟ ಅದು. "ಬುದ್ಧೀ," ಎಂದಳು ಅಯ್ಯನವರಿಗೆ, "ಜನ ಎಲ್ಲವ್ರೋ ಅಲ್ಲೇ ಕಟ್ಟುದ್ರ ಆಯ್ತದಲ್ವಾ? ಅನ್ನದ ಮುಂದಗಡ ಕಟ್ಟುದ್ರ ತಪ್ಪಾ?"

ಅಯ್ಯನವರು ಯೋಚಿಸಿದರು. ಬೆಳಿಗ್ಗೆಯಿಂದ ಏನೂ ತಿನ್ನದೆ ಮಂತ್ರ ಹೇಳಿದವರು. ಸಾರಿನ ಘಮ ಅವರ ಯೋಚನೆಗೆ ನೆರವಾಗಿರಬೇಕು. "ದಾಸೋಹ ನಡಿಯೋ ಜಾಗಕ್ಕಿಂತ ದೊಡ್ಡ ಮಂಟಪ ಯಾವ್ದವ್ವಾ? ತನ್ನಿ ತಾಳಿಯ" ಎಂದರು. ಮಣೆಗಳು ಬಂದವು. ಅಕ್ಷತೆ ಎಲ್ಲ ಆಚೆ ಚೆಲ್ಲಿಹೋಗಿತ್ತಲ್ಲ, ಅಡುಗೆಯವರು ಉಗ್ರಾಣದಿಂದ ಅಕ್ಕಿ ತಂದು ಸಾಂಬಾರಿಗೆ ಇಟ್ಟಿದ್ದ ಅರಿಸಿನವನ್ನೇ ಕಲಸಿ, ಕುರ್ಚಿಗಳ ಹಿಂದೆ ನಿಂತಿದ್ದವರ ಕೈಗೆ ಹಂಚಿದರು. ಅಲ್ಲಿ ಎಂಜಲಾಗದ ಕೈಗಳಿದ್ದದ್ದು ಅವರಿಗೆ ಮಾತ್ರ. ಎರಡು ಪಂಕ್ತಿಗಳ ನಡುವೆ, ಮಹದೇವಪ್ಪನವರ ಎಲೆಯಿಂದ ಒಂದು ಮೊಳ ದೂರದಲ್ಲಿ ಹೆಣ್ಣು ಗಂಡನ್ನು ಕೂರಿಸಿದರು. ಅಯ್ಯನವರು ಕೈ ಎತ್ತಿದರು, ಈ ಸಲ ಚೊಂಬಿಗಾಗಿ ಅಲ್ಲ. ನಂಜುಂಡಯ್ಯ ಡೋಲಿಗೆ ಕೈ ಹಾಕಿದ. ಎರಡು ವಾರದ ಅಭ್ಯಾಸ ಅವನ ಬೆರಳಿಗೆ ಕೂತುಬಿಟ್ಟಿತ್ತು, ಬಂದದ್ದು ಕುಂಬಿಯಾ. ಅವನ ತಮ್ಮ ಅದರ ಮೇಲೇ ನಾದಸ್ವರ ಏರಿಸಿದ. ಊಟದ ಮನೆಯ ತಗಡಿನ ಚಾವಣಿ ಗುಡುಗಿತು, ಬಡಿಸುವವರು ಸೌಟಿನಿಂದ ಬಕೆಟ್ಟು ಬಡಿದರು. ಮಹೇಶ ತಾಳಿ ಕಟ್ಟಿದ. ಸೌಮ್ಯಳ ಕಾಲ ಬೆರಳು ಸೀರೆಯ ನೆರಿಗೆಯ ಕೆಳಗೆ ತಾಳ ಹಾಕುತ್ತಿದ್ದದ್ದು ನನಗೆ ಕಾಣಿಸಿತು. ಕಣ್ಣಿನಲ್ಲಿ ನೀರು ಬಂತು. ಒರೆಸಿಕೊಳ್ಳಲು ಹೋದರೆ ಬೆರಳಿನಲ್ಲಿ ಪಾಯಸ.

ನಿಂತವರು ಎಸೆದ ಅಕ್ಷತೆಯಲ್ಲಿ ಅರ್ಧ ದಂಪತಿಗಳ ಮೇಲೆ ಬಿತ್ತು, ಅರ್ಧ ನಮ್ಮ ಎಲೆಗಳ ಮೇಲೆ. ಮಹದೇವಪ್ಪನವರ ಪಾಯಸ ಹಳದಿಯಾಯಿತು. ಎಲ್ಲರೂ ಉಸಿರು ಹಿಡಿದು ಅವರನ್ನೇ ನೋಡಿದೆವು. ಅವರು ಬಾಯಿ ತೆರೆದರು. ಹೆಣ್ಣಿನ ಕಡೆಯವರ ಎಡವಟ್ಟನ್ನು ಹೇಳಬೇಕು ಎಂದರೆ, ತಾಳಿ ಕಟ್ಟಿಯಾಯಿತೋ ಇಲ್ಲವೋ ಎಂದು ನೋಡದೆ ತಾವೇ ಮೊದಲು ಬಂದು ಎಲೆಯ ಮುಂದೆ ಕೂತದ್ದನ್ನೂ ಹೇಳಬೇಕಾಗುತ್ತದೆ ಎಂದು ಅವರಿಗೆ ಹೊಳೆದಿರಬೇಕು. ತೆರೆದ ಬಾಯಿಗೆ ಪಾಯಸ ಹಾಕಿಕೊಂಡರು. ಅಕ್ಕಿಕಾಳು ಕಟಕಟ ಅಂದದ್ದು ನನ್ನ ಎಲೆಯವರೆಗೂ ಕೇಳಿಸಿತು. ಅವರ ಹಾಗೆಯೇ ಎಲ್ಲರೂ ಕಟಕಟ ಎನ್ನಿಸುತ್ತ ತಲೆ ಬಗ್ಗಿಸಿ ಉಂಡರು.

ಆಮೇಲೆ ಆ ಮದುವೆಯ ಬಗ್ಗೆ ಯಾರೂ ಕೆಟ್ಟ ಮಾತು ಆಡಲಿಲ್ಲ. ಆಡುವ ಬಾಯಿಗಳೆಲ್ಲ ಮೊದಲ ಪಂಕ್ತಿಯಲ್ಲೇ ಇದ್ದವು. ಬೀಗರ ಔತಣಕ್ಕೆ ಅಜ್ಜೀಪುರಕ್ಕೆ ಹೋದಾಗ ಮಹದೇವಪ್ಪನವರು ಜಗಲಿಯ ಮೇಲೆ ಕೂತು ಬಂದವರಿಗೆಲ್ಲ ಹೇಳುತ್ತಿದ್ದರು: "ಎಷ್ಟ್ ಮದ್ವ ನೋಡಿವ್ನಿ ನಾನು. ವಿಡಿಯೋದವ್ರ ಬೆನ್ ಬುಟ್ಟು ಯಾನೂ ಕಂಡಿರ್ನಿಲ್ಲ. ನಮ್ ಮಹೇಶನ್ ತಾಳಿ ಮಾತ್ರ ಇಷ್ಟ್ ಹತ್ರದಿಂದ ನೋಡ್ದಿ." ಸೌಮ್ಯ ಒಳಗಿನಿಂದ ಕಾಫಿ ತಂದಳು. ಅವರು ಅವಳನ್ನು ಕರೆದದ್ದು ಸೌಮ್ಯ ಎಂದೇ. ಮದುವೆಯಾದ ಮೇಲೆ ಗುರುಮಲ್ಲಪ್ಪ ನನ್ನ ಜೊತೆ ಮಾತಾಡಿದ್ದು ಅಂದೇ ಮೊದಲು. "ಬಾವ, ರಿಮೋಟು ಛತ್ರದವ್ರ್ದು. ಕೇಳ್ತಾವ್ರ" ಎಂದ. ಲೊಕ್ಕನಹಳ್ಳಿಯ ನಂಟರು ಮಾತ್ರ ಆ ಹಾಡು ಬೇಕೆಂದು ಎರಡು ಸಲ ಫೋನು ಮಾಡಿದ್ದಾರೆ. ಅಷ್ಟು ಜನವನ್ನು ಒಂದೇ ಏಟಿಗೆ ಎಬ್ಬಿಸಿದ ಸದ್ದು ಹಂದಿಗಳನ್ನು ಎಬ್ಬಿಸದೆ ಇರುತ್ತದೆಯೇ ಎಂಬುದು ಅವರ ವಾದ.

ನಾನು ಈಗಲೂ ಬೆಳಿಗ್ಗೆ ನಡೆಯುತ್ತೇನೆ, ಅದೇ ಕುಂಬಿಯಾ ಹಾಕಿಕೊಂಡು. ಕೊಳಲು ಮುಗಿದು, ಸೀರೆ ಅಂಗಡಿಗಳ ಬೀದಿಯಲ್ಲಿ ತುತ್ತೂರಿ ಹೊಡೆದುಕೊಂಡ ಕೂಡಲೇ ನನ್ನ ಬಲಗೈ ಒಂದಿಷ್ಟು ಮೇಲಕ್ಕೆ ಎದ್ದು ಇಳಿಯುತ್ತದೆ. ಅಂಗಡಿಯವರು ಮೇಷ್ಟ್ರು ನಮಸ್ಕಾರ ಮಾಡಿದರು ಎಂದುಕೊಂಡು ತಾವೂ ಮಾಡುತ್ತಾರೆ. ಅದರ ಹಿಂದೆಯೇ ತಡೆಯಲಾರದ ಹಸಿವು. ಬೀದಿಯ ಕೊನೆಯಲ್ಲೇ ಹೋಟೆಲು ಇದೆ. ಈಗ ಯಾರೂ ಕರೆದು ಇಡ್ಲಿ ಕೊಡಿಸಬೇಕಾಗಿಲ್ಲ. ಹೋದ ವಾರ ತೂಕ ನೋಡಿದ ಡಾಕ್ಟರು, "ನಡೀತಾ ಇದೀರಾ ಮೇಷ್ಟ್ರೇ?" ಎಂದು ಅನುಮಾನದಿಂದ ಕೇಳಿದರು. ನಾನು ಬಾಯಿ ತೆರೆಯುವುದರೊಳಗೆ ಪಕ್ಕದಲ್ಲಿದ್ದ ಶಾಂತ ಹೇಳಿದಳು: "ನಡೀತಾರ ಡಾಕ್ಟ್ರೇ, ಬಿರಬಿರನೇ ನಡೀತಾರ. ಮೊದಲ್ನೇ ಪಂಕ್ತಿಗ."